ಕ್ರಿಯಾಟಿನಿನ್‌ಗೆ ಜಾತಿ ಉಂಟೇ?

2022ರ ಯುಗಾದಿ ಕೂಟದಲ್ಲಿ ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ಗೆಳೆಯರೊಬ್ಬರು ತಮ್ಮ ಲ್ಯಾಬ್ ರಿಪೋರ್ಟಿನ ವಿಷಯ ತೆಗೆದರು. (ವೈದ್ಯರಾದವರಿಗೆ ಕೂಟಗಳಲ್ಲಿ ಇದು ತಪ್ಪಿದ್ದಲ್ಲ.) "ಡಾಕ್ಟ್ರೇ, ನನ್ನ ಕಿಡ್ನಿ ನಂಬರು ಮೊದಲು 65 ಇತ್ತು, ಈಗ 69 ಆಗಿದೆ. ಕ್ರಿಯಾಟಿನಿನ್ ಮಾತ್ರ ಇದ್ದಷ್ಟೇ ಇದೆ. ಬಾರ್ಲಿ ನೀರು ಕೆಲಸ ಮಾಡಿತು ಅನ್ನೋಣವೇ?"

ಬಾರ್ಲಿಯ ಮರ್ಯಾದೆ ಉಳಿಸಲು ನನಗೂ ಆಸೆಯಿತ್ತು. ಆದರೆ ಬದಲಾಗಿದ್ದದ್ದು ಅವರ ಮೂತ್ರಪಿಂಡವಲ್ಲ, ಲೆಕ್ಕದ ಸೂತ್ರ. ಅದರ ಹಿಂದಿನ ಕಥೆಯನ್ನು ಹೋಳಿಗೆ ಆರುವ ಮುನ್ನ ಹೇಳಿ ಮುಗಿಸಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮೂತ್ರಪಿಂಡ ನಿಮಿಷಕ್ಕೆ ಎಷ್ಟು ರಕ್ತವನ್ನು ಶೋಧಿಸುತ್ತದೆ ಎಂಬುದನ್ನು ನೇರವಾಗಿ ಅಳೆಯುವುದು ತೊಡಕಿನ ಕೆಲಸ. ಆದ್ದರಿಂದ ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವನ್ನು ಅಳೆದು, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಅಂದಾಜು ಮಾಡುತ್ತೇವೆ. 1999ರಲ್ಲಿ ಪ್ರಕಟವಾದ ಸೂತ್ರವೊಂದು ಇನ್ನೊಂದು ಅಂಶವನ್ನೂ ಕೇಳುತ್ತಿತ್ತು: ರೋಗಿ ಕಪ್ಪು ಜನಾಂಗದವನೇ? ಹೌದಾದರೆ ಬಂದ ಉತ್ತರವನ್ನು ಸುಮಾರು 1.2ರಿಂದ ಗುಣಿಸು. 2009ರ ಸುಧಾರಿತ ಸೂತ್ರದಲ್ಲಿ ಅದು 1.159 ಆಯಿತು. ಅಧ್ಯಯನದಲ್ಲಿದ್ದ ಕಪ್ಪು ರೋಗಿಗಳಲ್ಲಿ ಶೋಧನೆ ಅಷ್ಟೇ ಇದ್ದರೂ ಕ್ರಿಯಾಟಿನಿನ್ ಸರಾಸರಿ ತುಸು ಹೆಚ್ಚು ಕಂಡಿದ್ದು ನಿಜ. ಅವರಿಗೆ ಮಾಂಸಖಂಡ ಹೆಚ್ಚು, ಅದಕ್ಕೇ ಹೀಗೆ ಎಂದು ವಿವರಣೆ ಕೊಟ್ಟರು. ಆ ವಿವರಣೆಗೆ ಆಧಾರ ತೆಳುವಾಗಿತ್ತು. ನಾವು ಯಾರೂ ಕೇಳಲಿಲ್ಲ.

ಈಗ ನನ್ನ ವಿಷಯ. ನಾನು ಕಿಡ್ನಿ ತಜ್ಞನಲ್ಲ, ಸಾಮಾನ್ಯ ಇಂಟರ್ನಿಸ್ಟ್. 2008ರಲ್ಲಿ ನನ್ನಲ್ಲಿಗೆ ಬರುತ್ತಿದ್ದ ಬಸ್ ಚಾಲಕರೊಬ್ಬರ ರಿಪೋರ್ಟಿನಲ್ಲಿ ಎರಡು ಸಾಲುಗಳಿದ್ದವು. ಆಫ್ರಿಕನ್ ಅಮೆರಿಕನ್ ಅಲ್ಲದಿದ್ದರೆ 18, ಆಗಿದ್ದರೆ 22. ಈ ದೇಶದಲ್ಲಿ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ, ಡಯಾಲಿಸಿಸ್ ಶುರುವಾಗದವರಿಗೆ, ಕಾಯುವ ಕಾಲದ ಎಣಿಕೆ ಶುರುವಾಗುವುದು 20 ಅಥವಾ ಅದಕ್ಕಿಂತ ಕೆಳಗೆ. ನಾನು ಎರಡನೆಯ ಸಾಲನ್ನು ಓದಿ, "ಇನ್ನೂ ಸಮಯವಿದೆ" ಎಂದೆ. ಅವರ ಮಗಳು ಜೊತೆಗಿದ್ದಳು. ಅಪ್ಪನ ಅಜ್ಜಿ ಐರಿಷ್ ಹೆಂಗಸು ಎಂದು ಹೇಳಿ, ಹಾಗಾದರೆ ಯಾವ ಸಾಲು ಎಂದು ಕೇಳಿದಳು. ತಮಾಷೆ ಎಂದುಕೊಂಡು ನಕ್ಕೆ. ಅವರ ಜನಾಂಗ ಯಾವುದೆಂದು ತೀರ್ಮಾನಿಸಿದ್ದು ರಕ್ತವಲ್ಲ, ಮುಂದಿನ ಮೇಜಿನಲ್ಲಿ ಕುಳಿತು ಫಾರಮ್ ತುಂಬಿದ ಗುಮಾಸ್ತೆ. ನಂಬರು 20ಕ್ಕೆ ಇಳಿಯಲು ಒಂದು ವರ್ಷದ ಮೇಲಾಯಿತು. ಆಮೇಲೆ ಡಯಾಲಿಸಿಸ್. ಪಟ್ಟಿಯಲ್ಲಿ ಕಾಯುತ್ತಿದ್ದಾಗಲೇ 2012ರಲ್ಲಿ ತೀರಿಕೊಂಡರು. ಆ ಒಂದು ವರ್ಷ ಸಿಕ್ಕಿದ್ದರೆ ಉಳಿಯುತ್ತಿದ್ದರೆಂದು ಹೇಳಲಾರೆ. ಉಳಿಯುತ್ತಿರಲಿಲ್ಲವೆಂದೂ ಹೇಳಲಾರೆ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಯಲ್ಲಾಪುರ, ಹಳಿಯಾಳದ ಕಡೆಯಿಂದ ಸಿದ್ದಿ ಜನರು ಆಸ್ಪತ್ರೆಗೆ ಬರುತ್ತಿದ್ದರು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಅವರಲ್ಲಿ ಅನೇಕರು ಗುಲಾಮರಾಗಿ ಬಂದವರ, ಸಂತತಿ. ನಮ್ಮೊಡನೆ ಚೆನ್ನಾಗಿ ಕನ್ನಡದಲ್ಲೇ ಮಾತಾಡುತ್ತಿದ್ದರು. ಆಗ ಈ ಸೂತ್ರ ಹುಟ್ಟಿರಲಿಲ್ಲ. ಅವರ ರಕ್ತವೂ ಉಳಿದವರ ರಕ್ತವೂ ಒಂದೇ ಲೆಕ್ಕದಲ್ಲಿ ಹೋಗುತ್ತಿತ್ತು. ಆ ಪೈಕಿ ಒಬ್ಬರು 2008ರಲ್ಲಿ ಇಲ್ಲಿಗೆ ಬಂದು ನನ್ನ ಎದುರು ಕುಳಿತಿದ್ದರೆ ಯಾವ ಸಾಲು ಓದುತ್ತಿದ್ದೆ? ಕೂದಲು ನೋಡಿಯೇ? ಪಕ್ಕದ ತಾಲ್ಲೂಕಿನವನಾದ, ಬಣ್ಣದಲ್ಲಿ ಅವರಿಗೇನೂ ಸೋಲದ ನಾನು ಮಾತ್ರ "ಇತರ"!

ನಾವೇಕೆ ಕೇಳಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಕಾಲದ ಕಾಲೇಜಿನಲ್ಲಿ ವಾರ್ಡ್ ರೌಂಡಿನಲ್ಲಿ ಗುರುಗಳನ್ನು ಪ್ರಶ್ನಿಸುವುದೆಂದರೆ ಇಂಟರ್ನಲ್ ಅಂಕ ಕಳೆದುಕೊಳ್ಳುವುದು. ಇಲ್ಲಿ ರೆಸಿಡೆನ್ಸಿಗೆ ಬಂದ ಮೇಲೆ ವೀಸಾದ ಭಯ ಬೇರೆ. ಅಚ್ಚಾದ ಸೂತ್ರವೆಂದರೆ ಪಂಚಾಂಗ ಇದ್ದಂತೆ, ನೋಡಿ ಹೇಳುವುದಷ್ಟೇ. ಹೊರಗಿನಿಂದ ಬಂದ ನಾವು ಇಲ್ಲಿಯ ಜನಾಂಗದ ಜಗಳ ನಮ್ಮದಲ್ಲ ಎಂದೂ ಎಣಿಸಿದ್ದೆವು. ಕೇಳಿದವರು ಇಪ್ಪತ್ತರ ಹರೆಯದ ವೈದ್ಯಕೀಯ ವಿದ್ಯಾರ್ಥಿಗಳು. ಬೋಸ್ಟನ್ನಿನ ಒಂದು ಆಸ್ಪತ್ರೆ 2017ರಲ್ಲೇ ಗುಣಾಕಾರ ಕೈಬಿಟ್ಟಿತು. 2021ರಲ್ಲಿ ರಾಷ್ಟ್ರೀಯ ಕಿಡ್ನಿ ಸಂಸ್ಥೆಯ ಮತ್ತು ತಜ್ಞರ ಸಂಘದ ಜಂಟಿ ಸಮಿತಿ ಜನಾಂಗ ಕೇಳದ ಹೊಸ ಸೂತ್ರವನ್ನು ಒಪ್ಪಿತು. ಅದರಲ್ಲಿ ಕಪ್ಪು ಜನರ ಅಂದಾಜು ಇಳಿಯಿತು, ನಮ್ಮಂಥವರದು ಸ್ವಲ್ಪ ಏರಿತು. ಗೆಳೆಯರ 69 ಬಂದದ್ದು ಹೀಗೆ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ವಿಜ್ಞಾನದೊಳಗೆ ರಾಜಕೀಯ ನುಸುಳಿದ್ದು ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಅಂದಾಜು ಇಳಿದರೆ ಕೆಲವು ಔಷಧಿಗಳ ಪ್ರಮಾಣವನ್ನೂ ಇಳಿಸುತ್ತೇವೆ, ಅಣ್ಣನಿಗೆ ಕಿಡ್ನಿ ಕೊಡಲು ಬಂದ ತಮ್ಮನನ್ನು ಹಿಂದಕ್ಕೆ ಕಳಿಸಬೇಕಾಗಬಹುದು. "ನಿಮ್ಮವರಿಗೆ ಮಾತ್ರ ಬೇರೆ ನಂಬರು ಬೇಕಲ್ಲವೇ?" ಎಂದೂ ಚುಚ್ಚಿದರು. ಅದೂ ಸರಿಯೇ. ಏಷ್ಯನ್ನರಿಗೆ ದೇಹತೂಕದ ಸೂಚ್ಯಂಕ 25ರ ಬದಲು 23 ಇದ್ದಾಗಲೇ ಸಕ್ಕರೆ ಕಾಯಿಲೆಗೆ ಪರೀಕ್ಷೆ ಮಾಡಿಸಿ ಎಂದು ಇಲ್ಲಿಯ ಡಯಾಬಿಟಿಸ್ ಸಂಘ 2015ರಲ್ಲಿ ಹೇಳಿದಾಗ ನಾನೇ ಸಂತೋಷಪಟ್ಟಿದ್ದೆ. ಹೊಟ್ಟೆ ಮಾತ್ರ ಮುಂದೆ ಬಂದ ನಮ್ಮ ತೆಳ್ಳಗಿನ ಗಂಡಸರನ್ನು ನೋಡಿದವರಿಗೆ ಕಾರಣ ಗೊತ್ತು. ಆದರೆ ಅಲ್ಲಿ ಗುಂಪಿನ ಲೆಕ್ಕ ತಪ್ಪಿದರೆ ನಿಮಗಾಗುವ ನಷ್ಟ ಒಂದು ಸೂಜಿಯ ಚುಚ್ಚು. ಇಲ್ಲಿ ತಪ್ಪಿದರೆ ಒಂದು ವರ್ಷ. ಸಂಶಯವಿದ್ದಾಗ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ವಸ್ತುವನ್ನು ಅಳೆಯಬಹುದು. ಅದಕ್ಕೆ ಯಾರ ಬಣ್ಣವನ್ನೂ ಕೇಳಬೇಕಾಗಿಲ್ಲ. ಖರ್ಚು ತುಸು ಹೆಚ್ಚು.

2023ರಲ್ಲಿ ಇನ್ನೊಂದು ಆದೇಶ ಬಂತು. ಹಳೆಯ ಸೂತ್ರದಿಂದ ಪಟ್ಟಿಯಲ್ಲಿ ಹಿಂದೆ ಬಿದ್ದ ಕಪ್ಪು ರೋಗಿಗಳ ಕಡತ ತೆಗೆದು, ಕಳೆದುಹೋದ ಕಾಲವನ್ನು ಅವರ ಲೆಕ್ಕಕ್ಕೆ ಹಿಂದಿರುಗಿಸಬೇಕೆಂದು. ಸಾವಿರಾರು ಜನರಿಗೆ ತಿಂಗಳುಗಳು, ವರ್ಷಗಳು ವಾಪಸು ಸಿಕ್ಕವು. ಅದು ಇನ್ನೂ ಕಾಯುತ್ತಿರುವವರಿಗೆ.

ಆ ಬಸ್ ಚಾಲಕರ ಮಗಳ ಫೋನ್ ನಂಬರು ಹಳೆಯ ಫೈಲಿನಲ್ಲಿದೆ. ಅವಳು ಕೇಳಿದ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಎರಡು ಸಲ ಫೋನ್ ಎತ್ತಿ ಇಟ್ಟಿದ್ದೇನೆ.