ನಾಲ್ಕನೇ ಕಪ್ಪು

ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ತೊಗರಿ ಬಿತ್ತುವ ಮುಂಚೆ ಟ್ರ್ಯಾಕ್ಟರಿನ ಹಿಂದೆ ರೋಟಾವೇಟರ್ ತಿರುಗುತ್ತದೆ. ಎಂಜಿನ್ನಿನ ಬಲವನ್ನು ಅದಕ್ಕೆ ದಾಟಿಸುವ, ಎರಡರ ನಡುವಿನ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ಹಾಕುತ್ತದೆ. ಅದರ ಎರಡೂ ತುದಿಗೆ ಮೆಕ್ಯಾನಿಕ್‌ಗಳು ‘ಕ್ರಾಸ್’ ಎನ್ನುವ ಕೀಲುಂಟು: ನಾಲ್ಕು ತೋಳು, ತೋಳಿಗೊಂದು ಕಪ್ಪು, ಕಪ್ಪಿನೊಳಗೆ ಸೂಜಿಯಂಥ ಬೇರಿಂಗುಗಳು. ಗ್ರೀಸ್ ನಿಪ್ಪಲ್ ಸಾಮಾನ್ಯವಾಗಿ ಒಂದೇ, ಅದೂ ಗಾರ್ಡಿನ ಮರೆಯಲ್ಲಿ. ಎಂಜಿನ್ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ಹೊರಳಿಸಿ ಅದನ್ನು ಹುಡುಕಬೇಕು. ಹಳೇ ಕರಿ ಗ್ರೀಸು ಸರಿದು ಸೀಲಿನ ಅಂಚಿನಲ್ಲಿ ಹೊಸದು ಇಣುಕುವವರೆಗೆ ಗನ್ ಒತ್ತಬೇಕು. ಮೂರು ಕಡೆ ಇಣುಕಿ ನಾಲ್ಕನೇ ಕಡೆ ಇಣುಕದಿದ್ದರೆ ಆ ತೋಳಿಗೆ ತಲುಪಿಲ್ಲವೆಂದೇ ತಿಳಿಯಬೇಕು. ಸೂಜಿಗಳು ಅಲ್ಲಿ ಪೂರ್ತಿ ಸುತ್ತದೆ ಸಣ್ಣ ಕೋನದಲ್ಲಿ ಹಿಂದೆ ಮುಂದೆ ಆಡುತ್ತವೆ, ಹಾಗಾಗಿ ಮಿಕ್ಕ ಮೂರರ ಗ್ರೀಸು ತಾನಾಗಿ ಅತ್ತ ಹೋಗದು. ಬರಬರುತ್ತ ತೋಳಿನ ಮೇಲೆ ಸೂಜಿಗಳ ಗೆರೆ ಬೀಳುತ್ತದೆ, ಕೀಲು ಕಟಕಟ ಎನ್ನತೊಡಗುತ್ತದೆ.

ದುಡಿಮೆಯೇ ಪೂಜೆ ಎನ್ನುವವರಿಗೆ ಇಲ್ಲೊಂದು ಪ್ರಶ್ನೆಯಿದೆ: ಮನಸ್ಸು ಶುದ್ಧವಿದ್ದರೆ ಸಾಕೇ? ಸಾಲದೆಂಬುದು ನನ್ನ ವಾದ. ಹನ್ನೆರಡನೇ ಶತಮಾನದ ಶರಣರು ಹೇಳಿದ್ದು ಸತ್ಯಶುದ್ಧ ಕಾಯಕ. ಜೇವರ್ಗಿಯ ಷಣ್ಮುಖಸ್ವಾಮಿ ‘ಅಖಂಡೇಶ್ವರ’ ಅಂಕಿತದಲ್ಲಿ ವಚನ ಬರೆದು ಆ ಪರಂಪರೆಯನ್ನು ಮುಂದುವರಿಸಿದರು. ಇಷ್ಟಲಿಂಗವನ್ನು ಅಂಗೈಯಲ್ಲೇ ಇಟ್ಟು ಪೂಜಿಸುವ ಧರ್ಮದಲ್ಲಿ ಕೈಯ ಕೆಲಸ ದೇವರ ಕಣ್ಣೆದುರೇ ನಡೆಯುತ್ತದೆ. ಯಾರೂ ನೋಡದ ಜಾಗ ಎಂಬುದೇ ಅಲ್ಲಿಲ್ಲ. ಆದ್ದರಿಂದ ಬಗ್ಗಿ ನಾಲ್ಕೂ ಸೀಲು ನೋಡುವುದು ಪೂಜೆಯ ಭಾಗವೇ. ಫಲಾಪೇಕ್ಷೆ ಬೇಡವೆಂಬ ಗೀತೆಯ ಬೋಧನೆಯನ್ನು ಇದಕ್ಕೆ ಎದುರಿಡುವವರಿದ್ದಾರೆ. ತನಗೆ ಸಿಗುವ ಫಲದ ಆಸೆ ಬಿಟ್ಟವನು ಕೆಲಸ ಆಯಿತೋ ಇಲ್ಲವೋ ಎಂಬ ವಿಚಾರಣೆಯನ್ನೂ ಬಿಡಬೇಕೆಂದು ಅದಕ್ಕೆ ಅರ್ಥ ಹಚ್ಚಲಾಗದು.

ಶಾಫ್ಟ್ ಮುರಿದರೆ ಖರ್ಚು, ಗ್ರೀಸು ಹಾಕುವುದು ಬರೀ ಲಾಭದ ಲೆಕ್ಕ ಎನ್ನಬಹುದು. ಸ್ವಂತ ಗಾಡಿಯವನ ಮಟ್ಟಿಗೆ ಒಪ್ಪುವ ಮಾತೇ. ಕೂಲಿಗೆ ಓಡಿಸುವವನಿಗೆ ಆ ಲಾಭವಿಲ್ಲ. ತೋಳು ಸವೆಯುವ ಹೊತ್ತಿಗೆ ಅವನು ಬೇರೆಯವರ ಟ್ರ್ಯಾಕ್ಟರ್ ಹತ್ತಿರಬಹುದು. ಇದಕ್ಕಿಂತ ತೂಕದ ಆಕ್ಷೇಪ, ಕಾಯಕದ ಹೆಸರು ಹೇಳಿ ದುಡಿಯುವವನನ್ನು ಸುಲಿಯುತ್ತಾರೆ ಎಂಬುದು. ಅದು ನಡೆಯುತ್ತಲೇ ಇದೆ, ಅಲ್ಲಗಳೆಯಲಾರೆ. ಆದರೆ ಶರಣರು ಕಾಯಕದ ಜೊತೆಗೇ ದಾಸೋಹವನ್ನಿಟ್ಟರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಗಳಿಕೆಗೆ ಹಾಕಿದ ಮಿತಿ, ಉಳ್ಳವನು ಅದಕ್ಕೆ ಹೊರತಲ್ಲ. ಗ್ರೀಸಿಗೆ ದುಡ್ಡು ಕೊಡದೆ, ಗಾಡಿ ನಿಲ್ಲಿಸಲು ಹೊತ್ತೂ ಕೊಡದೆ ಎಕರೆ ಮೇಲೆ ಎಕರೆ ಹೊಡೆಸಿದ ಮಾಲೀಕನಿಗೆ, ಕ್ರಾಸ್ ಮುರಿದ ದಿನ ಡ್ರೈವರನ ಕೂಲಿ ಮುರಿದುಕೊಳ್ಳುವ ಹಕ್ಕಿಲ್ಲ.