ಬಾಗಿಸಿದ್ದು ಯಾವುದು?

ನಮ್ಮ ಹಿತ್ತಲ ಬಾಗಿಲು ಎರಡನೆಯ ಮಳೆಗಾಲಕ್ಕೇ ಸೊಟ್ಟಗಾಯಿತು. ಮೇಲೆ ಚಿಲಕ ಕೂಡುತ್ತಿರಲಿಲ್ಲ, ಕೆಳಗೆ ಹೊಸ್ತಿಲಿಗೆ ತಗಲುತ್ತಿತ್ತು. ನೋಡಲು ಬಂದ ಬಡಗಿ ಹಲಗೆಯ ಅಂಚಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, "ಮರ ಕೆಟ್ಟದ್ದಲ್ಲ ಸ್ವಾಮಿ, ಹಸಿ ಇದ್ದಾಗಲೇ ಕೊಯ್ದುಬಿಟ್ಟಿದ್ದಾರೆ" ಎಂದ. ಆಮೇಲೆ ಉಜ್ಜುಗೊರಡು ತೆಗೆದು ಹೆರೆಯತೊಡಗಿದ.

ಇಂಗ್ಲಿಷಿನ 'ಡಿಪ್ರಾವಿಟಿ' ಎಂಬ ಪದ ಕಂಡಾಗಲೆಲ್ಲ ನನಗೆ ಆ ಬಾಗಿಲು ನೆನಪಾಗುತ್ತದೆ. ನಾವದನ್ನು ನೀತಿಭ್ರಷ್ಟತೆ, ಅಧಃಪತನ ಎಂದು ಕನ್ನಡಿಸುತ್ತೇವೆ. ಪದದ ಬೇರು ಮಾತ್ರ ಲ್ಯಾಟಿನ್ನಿನ 'ಪ್ರಾವುಸ್', ಅಂದರೆ ಡೊಂಕು. 'ಡೆಪ್ರಾವಾರೆ' ಎಂದರೆ ತಿರುಚಿ ಡೊಂಕು ಮಾಡುವುದು. ಈ ಕಾಣ್ಕೆ ನಮಗೇನೂ ಹೊರಗಿನದಲ್ಲ. ಸಂಸ್ಕೃತದ 'ವೃಜಿನ' ಡೊಂಕೂ ಹೌದು, ಪಾಪವೂ ಹೌದು. 'ಋಜು'ವಿನಿಂದ ಹುಟ್ಟಿದ 'ಆರ್ಜವ' ಗೀತೆಯ ದೈವೀಸಂಪತ್ತುಗಳಲ್ಲಿ ಒಂದು. ಬಸವಣ್ಣನವರೂ ಲೋಕದ ಕೇಡನ್ನು ಡೊಂಕೆಂದೇ ಕರೆದರು. 'ಭ್ರಷ್ಟ' ಎಂದರೆ ಜಾರಿ ಬಿದ್ದದ್ದು. ಬಿದ್ದವನು ತಾನಾಗಿಯೇ ಬಿದ್ದಿರಬಹುದು. ಡೊಂಕಾದದ್ದನ್ನು ಮಾತ್ರ ಏನೋ ಒಂದು ಬಾಗಿಸಿರುತ್ತದೆ, ಅದಕ್ಕೊಂದಿಷ್ಟು ಕಾಲವೂ ಹಿಡಿದಿರುತ್ತದೆ. 'ಡಿಪ್ರಾವಿಟಿ' ಪದದ ನಿಜವಾದ ಬೆಲೆ ಇರುವುದು ಅಲ್ಲಿ ಎಂದು ನನ್ನ ನಂಬಿಕೆ.

ಆ ಬೆಲೆಯನ್ನು ಎರಡು ಕಡೆ ಕಳೆದುಕೊಂಡೆವು. ಮೊದಲನೆಯದು ಧರ್ಮಶಾಸ್ತ್ರ. 1618–19ರಲ್ಲಿ ಡಾರ್ಟ್ ನಗರದಲ್ಲಿ ಸೇರಿದ ಪ್ರಾಟೆಸ್ಟೆಂಟ್ ಸಭೆ, ಮನುಷ್ಯ ಹುಟ್ಟುವಾಗಲೇ ಡೊಂಕು ಎಂಬ ಕ್ಯಾಲ್ವಿನ್ ಪಂಥದ ನಿಲುವನ್ನು ಎತ್ತಿಹಿಡಿಯಿತು. ಡೊಂಕಿಗೆ ಕಾರಣವೇನೋ ಅಲ್ಲಿಯೂ ಉಂಟು, ಆದರೆ ಅದು ಆದಮನ ಕಾಲದ್ದು. ಎದುರಿಗೆ ನಿಂತವನ ಬದುಕಿನಲ್ಲಿ ಹುಡುಕಬೇಕಾದದ್ದು ಏನೂ ಉಳಿಯಲಿಲ್ಲ.

ಎರಡನೆಯದು ಕಾನೂನು. 1868ರ ಹಿಕ್ಲಿನ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅಶ್ಲೀಲತೆಗೆ ಒಂದು ಅಳತೆಗೋಲು ಕೊಟ್ಟಿತು: ಎಳೆಯ, ದುರ್ಬಲ ಮನಸ್ಸುಗಳನ್ನು 'ಡಿಪ್ರೇವ್' ಮಾಡುವ, ಅಂದರೆ ಡೊಂಕಾಗಿಸುವ, ಪ್ರವೃತ್ತಿ ಬರಹಕ್ಕಿದೆಯೇ? 1960ರಲ್ಲಿ ಲಂಡನ್ನಿನಲ್ಲಿ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯ ವಿಚಾರಣೆ ನಡೆದಾಗ ಸರ್ಕಾರದ ವಕೀಲರು ಜ್ಯೂರಿಗೆ ಕೇಳಿದ್ದು, ನಿಮ್ಮ ಹೆಂಡತಿ, ನಿಮ್ಮ ಆಳು ಇದನ್ನು ಓದುವುದು ನಿಮಗೆ ಒಪ್ಪಿಗೆಯೇ ಎಂದು. ಓದಿ ಡೊಂಕಾದ ಒಬ್ಬ ಹೆಂಡತಿಯನ್ನಾಗಲಿ ಆಳನ್ನಾಗಲಿ ಅವರು ತೋರಿಸಲಿಲ್ಲ. ಪ್ರಕಾಶಕರ ಬಿಡುಗಡೆಯಾಯಿತು. ಅದೇ ಕಾದಂಬರಿಯನ್ನು ಮುಂಬಯಿಯಲ್ಲಿ ಮಾರಿದ ಪುಸ್ತಕದಂಗಡಿಯ ಪಾಲುದಾರ ರಂಜಿತ್ ಉದೇಶಿಗೆ ವಿಧಿಸಿದ್ದ ಶಿಕ್ಷೆಯನ್ನು ನಮ್ಮ ಸುಪ್ರೀಂ ಕೋರ್ಟ್ 1964ರಲ್ಲಿ ಹಿಕ್ಲಿನ್ ಅಳತೆಗೋಲು ಹಿಡಿದೇ ಎತ್ತಿಹಿಡಿಯಿತು. ಒಂದೇ ಪುಸ್ತಕ, ನಾಲ್ಕು ವರ್ಷದ ಅಂತರದಲ್ಲಿ ಎರಡು ತೀರ್ಪು. ಬಾಗಿಸುತ್ತದೆ ಎಂಬ ಆರೋಪ ಎರಡೂ ಕಡೆ ಇತ್ತು, ಬಾಗಿದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಜಾಗವಿರಲಿಲ್ಲ.

ಬಾಗಿಸಿದ್ದು ಯಾವುದೆಂದು ಕೇಳುತ್ತ ಕೂತರೆ ಕೇಡಿಗನನ್ನು ಕ್ಷಮಿಸಿದಂತಾಗುವುದಿಲ್ಲವೇ? ಮಗುವಿನ ಮೇಲೆ ಕೈಮಾಡಿದವನ ಹಿನ್ನೆಲೆ ಹುಡುಕಬೇಕೇ? ಈ ಸಿಟ್ಟು ನನ್ನಲ್ಲೂ ಇದೆ, ಅದು ನ್ಯಾಯವಾದದ್ದೂ ಹೌದು. ಆದರೆ ಬಡಗಿ ಕಾರಣ ಹೇಳಿ ಬಾಗಿಲನ್ನು ಹಾಗೇ ಬಿಟ್ಟು ಹೋಗಲಿಲ್ಲ. ಸೊಟ್ಟವನ್ನು ಸೊಟ್ಟವೆಂದೇ ಕರೆದ, ಹೆರೆದ. ಮುಂದಿನ ಬಾಗಿಲಿಗೆ ಒಣಗಿದ ಮರ ತರಿಸಿ ಎಂದೂ ಹೇಳಿ ಹೋದ. ಹುಟ್ಟಾ ಕೆಟ್ಟವನು ಎಂದು ಹಣೆಪಟ್ಟಿ ಹಚ್ಚಿ ಕೈತೊಳೆದುಕೊಳ್ಳುವವರು ಈ ಕೊನೆಯ ಮಾತಿನವರೆಗೆ ಬರುವುದೇ ಇಲ್ಲ.

ಹಿಕ್ಲಿನ್ ಅಳತೆಗೋಲನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಕೈಬಿಟ್ಟಿತು. ಪದ ಹೋಗಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಸೆಕ್ಷನ್ನಿನ ಇಂಗ್ಲಿಷ್ ಪಾಠದಲ್ಲಿ 'ಡಿಪ್ರೇವ್' ಈಗಲೂ ಇದೆ.