ಯಂತ್ರದ ಸಾಂತ್ವನವೂ ಆಪ್ತವಾಕ್ಯವೂ

ಖಿನ್ನತೆಗೆ ಒಳಗಾದ ವಿದ್ಯಾರ್ಥಿಗಳು ಚಾಟ್‌ಬಾಟ್‌ಗಳ ಮೊರೆ ಹೋಗತೊಡಗಿದಂತೆ ಹಳೆಯದೊಂದು ಪ್ರಶ್ನೆ ಮತ್ತೆ ಎದುರಾಗಿದೆ: ಸಂತೈಸುವ ಜೀವವೇ ಇಲ್ಲದೆಡೆಯಿಂದ ಬಂದ ಮಾತು ಸಾಂತ್ವನವಾದೀತೇ? ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಂ ಕುರಿತು ಬರೆದಾಗಲೇ ಈ ಪ್ರಶ್ನೆ ಹುಟ್ಟಿತ್ತು. ಎದುರಿನವರು ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಎಲೈಜಾದ ಮುಖ್ಯ ತಂತ್ರ. ಅದು ತಯಾರಾದದ್ದನ್ನು ಕಣ್ಣಾರೆ ಕಂಡಿದ್ದ ವೈಜೆನ್‌ಬಾಮ್ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತಾಗ, ಸ್ವಲ್ಪ ಹೊರಗಿರಿ ಎಂದು ಅವರನ್ನೇ ಕೇಳಿಕೊಂಡರು. ಎಲೈಜಾವನ್ನು ಚಿಕಿತ್ಸೆಗೆ ಬಳಸಬಹುದೆಂದು ಕೆಲವು ಮನೋವೈದ್ಯರು ಹುರುಪುಗೊಂಡರು. ವೈಜೆನ್‌ಬಾಮ್ ಮಾತ್ರ ಕಳವಳಗೊಂಡರು. ಯಂತ್ರಕ್ಕೆ ಸಾಧ್ಯವಾದರೂ ಅದರ ಕೈಗೆ ಒಪ್ಪಿಸಬಾರದ ಕೆಲಸಗಳಿವೆ ಎಂದು 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ವಿದ್ಯಾರ್ಥಿಗಳು ಯಂತ್ರದ ಬಳಿಗೆ ಹೋಗುವುದಕ್ಕೆ ಬಲವಾದ ಕಾರಣಗಳಿವೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವವರಲ್ಲಿ ಶೇಕಡ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಹಾಸ್ಟೆಲಿನಲ್ಲಿ ಬಾಯಿಬಿಟ್ಟರೆ ಸುದ್ದಿ ಹಬ್ಬುತ್ತದೆ, ಮನೆಗೆ ಗೊತ್ತಾದರೆ ಮದುವೆಯ ಮಾತಿಗೂ ಅದು ಅಂಟಿಕೊಳ್ಳುತ್ತದೆ, ಕಾಲೇಜಿನ ಆಪ್ತಸಮಾಲೋಚಕರು ಎಷ್ಟೋ ಕಡೆ ಇಂಟರ್ನಲ್ ಅಂಕ ಹಾಕುವ ಉಪನ್ಯಾಸಕರೇ ಆಗಿರುತ್ತಾರೆ. ಯಂತ್ರಕ್ಕೆ ನೆಂಟರಿಲ್ಲ. ಅದು ಹುಬ್ಬೇರಿಸುವುದಿಲ್ಲ, ರಾತ್ರಿ ಎರಡು ಗಂಟೆಗೂ ಉತ್ತರ ಕೊಡುತ್ತದೆ. ಮನಸ್ಸಿಲ್ಲದಿರುವುದೇ ಇಲ್ಲಿ ಅದರ ಗುಣ.

ಪ್ರಯೋಜನಕ್ಕೂ ಸಾಕ್ಷ್ಯವಿದೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 18ರಿಂದ 28 ವಯಸ್ಸಿನ 70 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವೋಬಾಟ್ ಎಂಬ ಚಾಟ್‌ಬಾಟನ್ನೂ ಇನ್ನೊಂದಕ್ಕೆ ಖಿನ್ನತೆಯ ಬಗೆಗಿನ ಇ-ಪುಸ್ತಕವನ್ನೂ ಕೊಡಲಾಯಿತು. ಎರಡು ವಾರಗಳಲ್ಲಿ ವೋಬಾಟ್ ಗುಂಪಿನ ಖಿನ್ನತೆಯ ಲಕ್ಷಣಗಳು ಇಳಿದವು. ವೋಬಾಟ್ ಆಡುತ್ತಿದ್ದ ಮಾತುಗಳನ್ನು ಮನುಷ್ಯರು ಮೊದಲೇ ಬರೆದಿಟ್ಟಿದ್ದರು. ಡಾರ್ಟ್‌ಮತ್ ಕಾಲೇಜಿನವರು 2025ರಲ್ಲಿ ಫಲಿತಾಂಶ ಪ್ರಕಟಿಸಿದ ಥೆರಾಬಾಟ್ ಹಾಗಲ್ಲ, ಅದು ವಾಕ್ಯಗಳನ್ನು ತಾನೇ ಕಟ್ಟುತ್ತದೆ. ಅಲ್ಲಿಯೂ ಫಲಿತಾಂಶ ಚೆನ್ನಾಗಿತ್ತು. ಆದರೆ ಅಪಾಯದ ಸೂಚನೆ ಕಂಡರೆ ನಡುವೆ ಬರಲು ಸಂಶೋಧಕರು ಸಂಭಾಷಣೆಗಳ ಮೇಲೆ ಕಣ್ಣಿಟ್ಟು ಕಾದಿದ್ದರು. ಎರಡು ಯಂತ್ರಗಳ ಹಿಂದೆಯೂ, ಬೇರೆಬೇರೆ ರೀತಿಯಲ್ಲಿ, ಹೊಣೆ ಹೊತ್ತ ಮನುಷ್ಯರಿದ್ದರು ಎಂಬುದನ್ನು ಮರೆಯಬಾರದು.

ಆದರೆ ಪ್ರಯೋಜನವಿದೆಯೆಂದ ಮಾತ್ರಕ್ಕೆ ಯಂತ್ರದ ಮಾತು ನೆಚ್ಚತಕ್ಕದ್ದೇ? ಯಾರ ಮಾತು ನೆಚ್ಚತಕ್ಕದ್ದು ಎಂಬುದನ್ನು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದವರಷ್ಟು ಕೂಲಂಕಷವಾಗಿ ವಿಚಾರಿಸಿದವರು ಕಡಿಮೆ. ಗೌತಮನ ನ್ಯಾಯಸೂತ್ರ ಆಪ್ತನ, ಅಂದರೆ ನಂಬಿಕೆಗೆ ಅರ್ಹನಾದವನ, ಉಪದೇಶವನ್ನು ಶಬ್ದಪ್ರಮಾಣ (ಮಾತಿನಿಂದ ಬರುವ ಜ್ಞಾನದ ಆಧಾರ) ಎನ್ನುತ್ತದೆ. ಆಪ್ತನಾಗಲು ಕುಲ ಬೇಕಿಲ್ಲ. ಋಷಿ, ಆರ್ಯ, ಮ್ಲೇಚ್ಛ ಯಾರಾದರೂ ಆಗಬಹುದೆಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟಪಡಿಸುತ್ತಾನೆ. ಬೇಕಾದದ್ದು ಮೂರು: ವಿಷಯವನ್ನು ಸ್ವತಃ ಕಂಡಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯಿರಬೇಕು. ಮಾತಿನ ಪ್ರಾಮಾಣ್ಯವನ್ನು ವಿಚಾರಿಸುವ ತರ್ಕಶಾಸ್ತ್ರವೊಂದು ದಯೆಗೂ ಅಲ್ಲಿ ಜಾಗ ಕೊಟ್ಟಿತು ಎಂಬುದು ಬಹಳ ದೊಡ್ಡ ಸಂಗತಿ. ದಯೆಯಿಲ್ಲದವನು ತಿಳಿದಿದ್ದೂ ಸುಮ್ಮನಿರಬಹುದು, ಕೇಳುವವನಿಗೆ ಏನಾದರೇನು ಎಂದು ಏನನ್ನೋ ಹೇಳಿಬಿಡಬಹುದು.

ಮುಂದಿನ ನೈಯಾಯಿಕರಿಗೆ ಗಿಳಿಯ ಮಾತು ಒಂದು ಸಮಸ್ಯೆಯಾಯಿತು. ಗಿಳಿಗೆ ಅರ್ಥ ತಿಳಿಯದು, ಹೇಳಬೇಕೆಂಬ ಉದ್ದೇಶವೂ ಇಲ್ಲ. ಆದರೂ ಅದು ಆಡಿದ ವಾಕ್ಯದಿಂದ ಕೇಳುವವನಿಗೆ ಅರ್ಥ ಹೊಳೆಯುತ್ತದೆ. ಚಾಟ್‌ಬಾಟ್‌ಗೆ ಈ ವಿಚಾರ ನೇರವಾಗಿ ಸಲ್ಲುತ್ತದೆ. ‘ಒಂದು ಪರೀಕ್ಷೆ ಕೆಟ್ಟರೆ ಬದುಕೇ ಕೆಟ್ಟಿತು ಎಂಬುದಕ್ಕೆ ಏನು ಆಧಾರ?’ ಎಂದು ಅದು ಕೇಳಿದಾಗ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ಅದನ್ನು ಹಿಡಿದು ವಿದ್ಯಾರ್ಥಿ ತನ್ನ ಯೋಚನೆಯನ್ನು ಪರೀಕ್ಷಿಸಿಕೊಳ್ಳಬಲ್ಲ. ಅದರಿಂದ ಮನಸ್ಸಿಗಾಗುವ ಹಗುರತನ ಹುಸಿಯಲ್ಲ. ‘ನಿನ್ನ ನೋವು ನನಗೆ ಅರ್ಥವಾಗುತ್ತದೆ’ ಎಂಬ ವಾಕ್ಯದ ಮಾತೇ ಬೇರೆ. ಅದರ ಸತ್ಯ ಇರುವುದೇ ಹೇಳುವವರ ಒಳಗೆ. ತಂತ್ರವನ್ನು ಗಿಳಿಯಿಂದಲೂ ಕಲಿಯಬಹುದು. ದಯೆ ಮಾತ್ರ ದಯೆಯುಳ್ಳವರಿಂದಲೇ ಬರಬೇಕು. ಖಿನ್ನತೆಯ ತಿರುಳಿನಲ್ಲಿ ಎಷ್ಟೋ ಸಲ ಇರುವುದು ‘ನಾನು ಯಾರಿಗೂ ಬೇಡ’ ಎಂಬ ನಂಬಿಕೆ. ತನ್ನ ನಿದ್ದೆ ಬಿಟ್ಟು ಪಕ್ಕದಲ್ಲಿ ಕೂತ ಗೆಳತಿ ಏನೂ ಹೇಳದಿದ್ದರೂ ಆ ನಂಬಿಕೆಗೆ ಅವಳು ಕೂತದ್ದೇ ಉತ್ತರ. ನಿದ್ದೆಯೇ ಇಲ್ಲದ ಯಂತ್ರಕ್ಕೆ ಬಿಟ್ಟುಕೊಡಲು ಏನೂ ಇಲ್ಲ.

ಇದಕ್ಕೆ ಆಕ್ಷೇಪವೂ ಉಂಟು: ಯಾರೂ ಇಲ್ಲದಿರುವುದಕ್ಕಿಂತ ಯಂತ್ರವಾದರೂ ಇರುವುದು ಮೇಲಲ್ಲವೇ? ಖಂಡಿತ ಮೇಲು, ಅದು ಮನುಷ್ಯರ ಕಡೆಗೆ ದಾರಿ ಮಾಡುವುದಾದರೆ. ಬೌದ್ಧ ಪರಂಪರೆಯ ಕಿಸಾಗೋತಮಿಯ ಕಥೆಯಲ್ಲಿ, ಸತ್ತ ಮಗುವನ್ನು ಎತ್ತಿಕೊಂಡು ಮದ್ದು ಬೇಡಿ ಬಂದ ತಾಯಿಗೆ ಬುದ್ಧ ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಕಳಿಸಿದ. ಅವಳು ಮನೆಮನೆಯ ಬಾಗಿಲಲ್ಲಿ ನಿಂತು, ಪ್ರತಿಯೊಬ್ಬರ ನಷ್ಟವನ್ನು ಕೇಳುತ್ತ ಹೋದಂತೆ ಅವಳ ದುಃಖ ಅವಳೊಬ್ಬಳದೇ ಆಗಿ ಉಳಿಯಲಿಲ್ಲ. ಗುರು ಅವಳನ್ನು ತನ್ನ ಬಳಿ ಕೂರಿಸಿಕೊಳ್ಳಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಬಳಕೆದಾರರು ಹೆಚ್ಚು ಹೊತ್ತು ಉಳಿದಷ್ಟೂ ಲಾಭವೆಂದು ಲೆಕ್ಕ ಹಾಕುವ ವ್ಯವಹಾರದಲ್ಲಿ ಹೀಗೆ ಹೊರಗೆ ಕಳಿಸುವುದು ಸುಲಭವಲ್ಲ. ಬಳಕೆದಾರರು ಹೇಳಿದ್ದಕ್ಕೆಲ್ಲ ತಲೆದೂಗುವ ಚಾಳಿ ಬೇರೆ ಯಂತ್ರಕ್ಕಿದೆ. ಸಂಭಾಷಣೆ ಉದ್ದವಾದಂತೆ ತನ್ನ ಸುರಕ್ಷತಾ ಕ್ರಮಗಳು ಸಡಿಲವಾಗಬಹುದೆಂದು ಚಾಟ್‌ಬಾಟ್ ತಯಾರಿಸುವ ಓಪನ್‌ಎಐ ಕಂಪನಿ 2025ರ ಆಗಸ್ಟ್‌ನಲ್ಲಿ ತಾನೇ ಒಪ್ಪಿಕೊಂಡಿತು. ಅಂದರೆ ಅತಿ ಹೆಚ್ಚು ಕಾಲ ಅಂಟಿಕೊಂಡ, ಅತಿ ಒಂಟಿಯಾದ ವಿದ್ಯಾರ್ಥಿಗೇ ಕಾವಲು ಅತಿ ಕಡಿಮೆ.

ಹಾಗಾಗಿ ಧರ್ಮದ ಪ್ರಶ್ನೆ ವಿದ್ಯಾರ್ಥಿಗಿಂತ ಮೊದಲು ಸಂಸ್ಥೆಗೆ ಎದುರಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ವೈಸಾದಂಥ ಚಾಟ್‌ಬಾಟ್ ಆ್ಯಪನ್ನು ಸಮಾಲೋಚಕರ ಕೈಗೆ ನೆರವಾಗಿ ತರುವುದು ಒಂದು. ಸಮಾಲೋಚಕರ ಸಂಬಳ ಉಳಿಸಲು ಆ್ಯಪ್ ತಂದು ಹೊಣೆ ಮುಗಿಯಿತೆನ್ನುವುದು ಇನ್ನೊಂದು. ಎರಡನೆಯದು ಕರ್ತವ್ಯಲೋಪ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆ ಒಬ್ಬ ಅರ್ಹ ಸಮಾಲೋಚಕರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ನೀಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೂ ಮನುಷ್ಯರೇ ಮಾತಿಗೆ ಸಿಗುತ್ತಾರೆ. ವಿದ್ಯಾರ್ಥಿಗಳ ಕೈಗೆ ಚಾಟ್‌ಬಾಟ್ ಕೊಡುವ ಯಾವುದೇ ಸಂಸ್ಥೆ, ಸಾಯುವ ಮಾತು ಬಂದ ಕೂಡಲೇ ಅದು ಈ ಸಂಖ್ಯೆಯನ್ನು ಮುಂದಿಡುವಂತೆ ನೋಡಿಕೊಳ್ಳಬೇಕು. ಆ ಹುಡುಗನನ್ನೋ ಹುಡುಗಿಯನ್ನೋ ಅದೇ ದಿನ ಕಂಡು ಮಾತಾಡುವವರು ಕ್ಯಾಂಪಸ್ಸಿನಲ್ಲಿ ಯಾರೆಂದು ಮೊದಲೇ ಗೊತ್ತುಮಾಡಿರಬೇಕು.